ಉಪನಗರ ರೈಲ್ವೆಯ ಓಪನ್ ಹೌಸ್: ರೈಲು ಪ್ರಿಯರಿಗೊಂದು ಮಾರ್ಗದರ್ಶಿ

ಅಮೆರಿಕದ ಮಹಾನಗರಗಳ ಸುತ್ತ ಓಡುವ ಉಪನಗರ ರೈಲ್ವೆಗಳ ಯಾರ್ಡುಗಳೂ ಕಾರ್ಯಾಗಾರಗಳೂ ವರ್ಷವಿಡೀ ಎತ್ತರದ ಬೇಲಿಯ ಹಿಂದೆಯೇ ಇರುತ್ತವೆ. ಯಾವಾಗಲಾದರೊಮ್ಮೆ, ಸಾಮಾನ್ಯವಾಗಿ ವಾರಾಂತ್ಯದಲ್ಲಿ, ಆ ಗೇಟನ್ನು ಸಾರ್ವಜನಿಕರಿಗಾಗಿ ತೆರೆಯಲಾಗುತ್ತದೆ. ಇದೇ ಓಪನ್ ಹೌಸ್. ಅಂದು ಸಿಗುವುದು ಕೆಲವೇ ಗಂಟೆಗಳು, ನೋಡಬೇಕಾದದ್ದು ಬಹಳ. ಎಲ್ಲರೂ ಮೊದಲು ಓಡುವುದು ಎಂಜಿನ್ನಿನ ಕ್ಯಾಬ್, ಅಂದರೆ ಚಾಲಕನ ಕೋಣೆ, ಹತ್ತಲು ನಿಂತಿರುವ ಸಾಲಿಗೆ. ಆದರೆ ಪ್ಲಾಟ್‌ಫಾರ್ಮಿನಿಂದ ಎಂದಿಗೂ ಸಿಗದ ಎರಡು ಸಂಗತಿಗಳು ಅಲ್ಲಿ ಸಿಗುತ್ತವೆ: ಒಂದು, ರೈಲಿನ ತಳಭಾಗ, ಇನ್ನೊಂದು, ಅದನ್ನು ದಿನವೂ ಬಿಚ್ಚಿ ಜೋಡಿಸುವವರ ಮಾತು. ಇವೆರಡನ್ನು ಕೇಂದ್ರದಲ್ಲಿಟ್ಟುಕೊಂಡು ದಿನವನ್ನು ಯೋಜಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನ ಅದೇ ಕ್ರಮದಲ್ಲಿ ಸಾಗುತ್ತದೆ.

ಉದಾಹರಣೆಗೆ ನ್ಯೂಯಾರ್ಕಿನ ಮೆಟ್ರೋ-ನಾರ್ತ್ ರೈಲ್ವೆಯನ್ನೂ, ಹಡ್ಸನ್ ನದಿಯ ದಡದಲ್ಲಿರುವ ಅದರ ಕ್ರೋಟನ್-ಹಾರ್ಮನ್ ಕಾರ್ಯಾಗಾರವನ್ನೂ ತೆಗೆದುಕೊಂಡಿದ್ದೇನೆ. ಲಾಂಗ್ ಐಲೆಂಡ್ ರೈಲ್‌ರೋಡ್, ಷಿಕಾಗೋದ ಮೆಟ್ರಾ, ಫಿಲಡೆಲ್ಫಿಯಾದ ಸೆಪ್ಟಾ ಮೊದಲಾದ ರೈಲ್ವೆಗಳ ಕಾರ್ಯಾಗಾರಗಳಿಗೂ ಇದೇ ವಿಧಾನ ಹೊಂದುತ್ತದೆ.

ಹೋಗುವ ಮುನ್ನ

ಓಪನ್ ಹೌಸ್ ಪ್ರತಿ ವರ್ಷವೂ ತಪ್ಪದೆ ನಡೆಯುತ್ತದೆಂದು ನಂಬಿ ಕೂರಬಾರದು. ರೈಲ್ವೆಯ ಅಧಿಕೃತ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಮುಂಗಡ ನೋಂದಣಿ ಬೇಕೇ, ಯಾವ ವಯಸ್ಸಿನ ಮಕ್ಕಳನ್ನು ಒಳಗೆ ಬಿಡುತ್ತಾರೆ, ಚೀಲಗಳ ತಪಾಸಣೆ ಇದೆಯೇ ಎಂಬುದನ್ನು ಆ ಪ್ರಕಟಣೆಯಲ್ಲೇ ಓದಿ ತಿಳಿದುಕೊಳ್ಳಬೇಕು. ಬೆರಳು ಮುಚ್ಚುವ ಗಟ್ಟಿ ಅಟ್ಟೆಯ ಬೂಟು ಕಡ್ಡಾಯವೆಂದೇ ತಿಳಿಯಿರಿ; ಕಾರ್ಯಾಗಾರದ ನೆಲದಲ್ಲಿ ಎಣ್ಣೆಯ ಪಸೆ, ಹಳಿಗಳ ನಡುವಿನ ಸಂದು, ದಪ್ಪ ಜಲ್ಲಿ ಎಲ್ಲವೂ ಇರುತ್ತವೆ. ಕಿವಿಗೆ ಇಡುವ ಫೋಮ್ ಬಿರಡೆ, ಜೇಬಿನಲ್ಲಿ ಹಿಡಿಯುವ ನೋಟ್‌ಬುಕ್, ಪೆನ್ಸಿಲ್ ಮತ್ತು ಕುಡಿಯುವ ನೀರು, ಇಷ್ಟಿದ್ದರೆ ಸಾಕು.

ಇದಕ್ಕಿಂತ ಮುಖ್ಯವಾದದ್ದು ಮನೆಯಲ್ಲಿ ಮಾಡುವ ಓದು. ಆ ರೈಲ್ವೆ ಯಾವ ಯಾವ ಗಾಡಿಗಳನ್ನು ಓಡಿಸುತ್ತದೆ, ಅವಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಕಾರ್ಯಾಗಾರದಲ್ಲಿ ಕಾಣುವ ಅರ್ಧದಷ್ಟು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ. ಮೆಟ್ರೋ-ನಾರ್ತ್ 1983ರ ಜನವರಿ 1ರಂದು ಕಾನ್‌ರೈಲ್ ಸಂಸ್ಥೆಯಿಂದ ಈ ಮಾರ್ಗಗಳ ನಿರ್ವಹಣೆಯನ್ನು ವಹಿಸಿಕೊಂಡಿತು. ಅದಕ್ಕೂ ಹಿಂದೆ ಇವು ನ್ಯೂಯಾರ್ಕ್ ಸೆಂಟ್ರಲ್ ಮತ್ತು ನ್ಯೂ ಹೇವನ್ ಎಂಬ ಎರಡು ಬೇರೆ ಬೇರೆ ಖಾಸಗಿ ರೈಲ್ವೆಗಳ ಕೈಯಲ್ಲಿದ್ದವು. ಈ ಎರಡು ಮೂಲಗಳ ಗುರುತು ಇವತ್ತಿಗೂ ಅಳಿಸಿಲ್ಲ. ಹಡ್ಸನ್ ಮತ್ತು ಹಾರ್ಲೆಮ್ ಮಾರ್ಗಗಳ ವಿದ್ಯುತ್ ಗಾಡಿಗಳು, ಓಡುವ ಎರಡು ಹಳಿಗಳ ಪಕ್ಕದಲ್ಲಿ ನೆಲಮಟ್ಟದಲ್ಲೇ ಹಾಕಿರುವ ಮೂರನೇ ಹಳಿಯಿಂದ 750 ವೋಲ್ಟ್ ಏಕಮುಖ ವಿದ್ಯುತ್ತನ್ನು ಪಡೆಯುತ್ತವೆ; ನ್ಯೂ ಹೇವನ್ ಮಾರ್ಗದಲ್ಲಿ ಪೆಲ್‌ಹ್ಯಾಮ್‌ನಿಂದ ಆಚೆಗೆ ತಲೆಯ ಮೇಲಿನ ತಂತಿಯಲ್ಲಿ 12,500 ವೋಲ್ಟ್ ಪರ್ಯಾಯ ವಿದ್ಯುತ್ ಹರಿಯುತ್ತದೆ. ಹೀಗಾಗಿ ಆ ಮಾರ್ಗದ ಎಂ8 ಗಾಡಿಗಳ ಚಾವಣಿಯಲ್ಲಿ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ಇದೆ, ಕೆಳಗೆ ಮೂರನೇ ಹಳಿಯನ್ನು ಮುಟ್ಟುವ ಷೂ ಕೂಡ ಇದೆ. ವಿದ್ಯುತ್ ಹಳಿಯೇ ಇಲ್ಲದ ದೂರದ ನಿಲ್ದಾಣಗಳಿಗೆ ಹೋಗುವ ರೈಲುಗಳನ್ನು ಎಳೆಯುತ್ತ ಬಂದಿರುವುದು 3,200 ಅಶ್ವಶಕ್ತಿಯ ಪಿ32ಎಸಿ-ಡಿಎಂ ಎಂಜಿನ್. ಅದು ಹೊರಗೆ ಡೀಸೆಲ್ಲಿನಿಂದಲೂ ಮ್ಯಾನ್‌ಹಟನ್ನಿನ ಕೊನೆಯ ನಿಲ್ದಾಣವಾದ ಗ್ರ್ಯಾಂಡ್ ಸೆಂಟ್ರಲ್‌ನ ಸುರಂಗದಲ್ಲಿ ಮೂರನೇ ಹಳಿಯ ವಿದ್ಯುತ್ತಿನಿಂದಲೂ ಓಡುತ್ತದೆ.

ಹೀಗೆ ಎರಡೂ ಬಗೆಯಲ್ಲಿ ಓಡುವ ಎಂಜಿನ್ ಏಕೆ ಬೇಕಾಯಿತೆಂಬುದಕ್ಕೆ ಒಂದು ದುರಂತ ಕಾರಣ. 1902ರ ಜನವರಿ 8ರಂದು ಗ್ರ್ಯಾಂಡ್ ಸೆಂಟ್ರಲ್‌ಗೆ ಹೋಗುವ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ ಮತ್ತು ಹಬೆಯ ನಡುವೆ ಸಿಗ್ನಲ್ ಕಾಣದೆ ಒಂದು ರೈಲು ಮುಂದೆ ನಿಂತಿದ್ದ ಇನ್ನೊಂದಕ್ಕೆ ಅಪ್ಪಳಿಸಿ 15 ಮಂದಿ ಸತ್ತರು. ಆ ಬಳಿಕ ಮ್ಯಾನ್‌ಹಟನ್ನಿನಲ್ಲಿ ಉಗಿ ಎಂಜಿನ್ನುಗಳನ್ನು ನಿಷೇಧಿಸುವ ಕಾನೂನು ಬಂತು, ವಿದ್ಯುದೀಕರಣ ಅನಿವಾರ್ಯವಾಯಿತು. ಹಾರ್ಮನ್ ಎಂಬ ಊರು ರೈಲ್ವೆ ನಕ್ಷೆಯಲ್ಲಿ ಪ್ರಸಿದ್ಧವಾದದ್ದೂ ಇದರಿಂದಲೇ: 1913ರ ಹೊತ್ತಿಗೆ ಮೂರನೇ ಹಳಿ ಅಲ್ಲಿಗೆ ತಲುಪಿತು, ಮುಂದಿನ ದಶಕಗಳಲ್ಲಿ ಷಿಕಾಗೋ ಕಡೆಗೆ ಹೊರಟ ದೂರಪ್ರಯಾಣದ ರೈಲುಗಳು ಅಲ್ಲಿ ನಿಂತು ವಿದ್ಯುತ್ ಎಂಜಿನ್ ಬಿಟ್ಟು ಉಗಿ ಎಂಜಿನ್ ಹೂಡಿಕೊಳ್ಳುತ್ತಿದ್ದವು.

ರೈಲಿನಲ್ಲೇ ಹೋಗಿ

ಕಾರಿನಲ್ಲಿ ಹೋದರೆ ನಿಲ್ಲಿಸಲು ಜಾಗ ಸಿಗುವುದು ಕಷ್ಟ ಎಂಬುದು ಒಂದು ಕಾರಣ. ಪ್ರಯಾಣವೇ ಪಾಠದ ಮೊದಲ ಭಾಗ ಎಂಬುದು ಇನ್ನೂ ದೊಡ್ಡ ಕಾರಣ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಕ್ರೋಟನ್-ಹಾರ್ಮನ್‌ಗೆ ಸುಮಾರು 33 ಮೈಲಿ. ಹೋಗುವಾಗ ಎಡಬದಿಯ ಕಿಟಕಿ ಹಿಡಿಯಿರಿ, ಹಡ್ಸನ್ ನದಿ ಆ ಕಡೆಗಿದೆ. ಸ್ಪೈಟನ್ ಡೈವಿಲ್ ನಿಲ್ದಾಣದ ಬಳಿ ರೈಲು ಹಾರ್ಲೆಮ್ ನದಿಯನ್ನು ಬಿಟ್ಟು ಹಡ್ಸನ್ ಕಡೆಗೆ ಬಿಗಿಯಾಗಿ ತಿರುಗುವ ಜಾಗವನ್ನು ಗಮನಿಸಿ. 2013ರ ಡಿಸೆಂಬರ್ 1ರ ಬೆಳಗ್ಗೆ, ಗಂಟೆಗೆ 30 ಮೈಲಿ ಮಿತಿಯಿದ್ದ ಈ ತಿರುವಿಗೆ 82 ಮೈಲಿ ವೇಗದಲ್ಲಿ ಬಂದ ರೈಲೊಂದು ಹಳಿ ತಪ್ಪಿ ನಾಲ್ವರು ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಕ್ಯಾಬ್ ಹತ್ತಿದಾಗ ಈ ತಿರುವು ನೆನಪಿರಲಿ, ಏಕೆಂದು ಮುಂದೆ ಹೇಳುತ್ತೇನೆ. ಆಸಿನಿಂಗ್ ದಾಟುವಾಗ ಹಳಿಗಳು ಸಿಂಗ್ ಸಿಂಗ್ ಸೆರೆಮನೆಯ ಆವರಣದ ನಡುವೆಯೇ ಹಾದುಹೋಗುತ್ತವೆ. ಅದಾದ ಮೇಲೆ ಇಳಿಯಲು ಹೆಚ್ಚು ಹೊತ್ತಿಲ್ಲ.

ಪ್ರಯಾಣದಲ್ಲಿ ಮಾಡಬಹುದಾದ ಒಂದು ಸಣ್ಣ ಅಭ್ಯಾಸವಿದೆ. ಗಾಲಿಗಳ ಸದ್ದಿಗೆ ಕಿವಿಗೊಡಿ. ಒಂದೇ ಲಯದಲ್ಲಿ, ವೇಗದೊಂದಿಗೆ ಹೆಚ್ಚುತ್ತ ಕಡಿಮೆಯಾಗುತ್ತ ಬಡಿಯುವ ಸದ್ದು ಕೇಳಿದರೆ ಆ ಗಾಲಿಯ ಸುತ್ತಂಚು ಒಂದು ಕಡೆ ಚಪ್ಪಟೆಯಾಗಿರಬಹುದು. ಆ ಸದ್ದಿನ ಮದ್ದನ್ನು ಕಾರ್ಯಾಗಾರದಲ್ಲಿ ಕಣ್ಣಾರೆ ನೋಡಬಹುದು.

ಗೇಟಿನೊಳಗಿನ ಮೊದಲ ಹತ್ತು ನಿಮಿಷ

ಗೇಟು ತೆರೆಯುವ ವೇಳೆಗೆ ಅಲ್ಲಿರಿ. ಒಳಗೆ ಹೋದೊಡನೆ ಪ್ರಾತ್ಯಕ್ಷಿಕೆಗಳ ವೇಳಾಪಟ್ಟಿಯನ್ನು ಬರೆದುಕೊಳ್ಳಿ. ಕ್ರೇನಿನಿಂದ ಭಾರ ಎತ್ತುವುದು, ಹಳಿ ಯಂತ್ರಗಳನ್ನು ಚಾಲೂ ಮಾಡಿ ತೋರಿಸುವುದು, ಅಗ್ನಿಶಾಮಕ ದಳದ ಅಭ್ಯಾಸ ಮುಂತಾದವು ಗೊತ್ತಾದ ಹೊತ್ತಿಗೇ ನಡೆಯುತ್ತವೆ; ಉಳಿದ ಎಲ್ಲವನ್ನೂ ಅವುಗಳ ನಡುವೆ ಹೊಂದಿಸಿಕೊಳ್ಳಬೇಕು.

ಆಮೇಲೆ ಎರಡು ಸುರಕ್ಷತಾ ಸಂಗತಿಗಳನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಮೊದಲನೆಯದು ಮೂರನೇ ಹಳಿ. ಯಾರ್ಡಿನಲ್ಲಿ ಕಾಣುವ ಪ್ರತಿಯೊಂದು ಮೂರನೇ ಹಳಿಯಲ್ಲೂ ವಿದ್ಯುತ್ ಇದೆ ಎಂದೇ ನಡೆದುಕೊಳ್ಳಬೇಕು, ಮೇಲೆ ಹೊದಿಕೆ ಇದ್ದರೂ ಸರಿ. ಎರಡನೆಯದು ನೀಲಿ ಬಾವುಟ. ನಿಂತಿರುವ ಗಾಡಿಯ ತುದಿಯಲ್ಲಿ ಅಥವಾ ಹಳಿಯ ಬಾಯಲ್ಲಿ ನೀಲಿ ಬಾವುಟವೋ ನೀಲಿ ದೀಪವೋ ಇದ್ದರೆ ಅದರ ಮೇಲೆ, ಕೆಳಗೆ ಅಥವಾ ನಡುವೆ ಕೆಲಸಗಾರರಿದ್ದಾರೆ, ಅದನ್ನು ಜೋಡಿಸುವಂತಿಲ್ಲ, ಅಲುಗಿಸುವಂತಿಲ್ಲ. ಅಮೆರಿಕದ ಕೇಂದ್ರ ರೈಲ್ವೆ ನಿಯಮದ ಪ್ರಕಾರ, ಆ ಬಾವುಟವನ್ನು ಇಟ್ಟ ಕೆಲಸಗಾರರ ಗುಂಪೇ ಅದನ್ನು ತೆಗೆಯಬೇಕು. ಇನ್ನೊಂದು ವಿಭಾಗದವರು, ಮೇಲಧಿಕಾರಿಯೇ ಆಗಲಿ, ಅವಸರವೆಂದು ಕಿತ್ತುಹಾಕುವಂತಿಲ್ಲ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವ ಮನುಷ್ಯನ ಜೀವವನ್ನು ಅವನ ಜೊತೆಗಾರರ ಕೈಯಲ್ಲೇ ಇರಿಸಿದ ಈ ನಿಯಮ ನನಗೆ ಇಡೀ ರೈಲ್ವೆ ವ್ಯವಸ್ಥೆಯಲ್ಲೇ ಅತ್ಯಂತ ಗೌರವಾರ್ಹವಾಗಿ ಕಾಣುತ್ತದೆ. ಕಾರ್ಯಾಗಾರದವರನ್ನು ಮಾತಿಗೆಳೆಯಲು ಇದಕ್ಕಿಂತ ಒಳ್ಳೆಯ ವಿಷಯವೂ ಇಲ್ಲ.

ಕ್ಯಾಬ್ ಸಾಲು ಬಿಡಿ, ಪಿಟ್‌ಗೆ ಹೋಗಿ

ಬೆಳಗಿನ ಮೊದಲ ಗಂಟೆಯನ್ನು ಕಾರ್ಯಾಗಾರದ ಒಳಭಾಗಕ್ಕೆ ಮೀಸಲಿಡಿ. ಆಗ ಜನ ಕಡಿಮೆ, ಕೆಲಸಗಾರರಿಗೆ ಒಂದೇ ಪ್ರಶ್ನೆಗೆ ನೂರು ಸಲ ಉತ್ತರಿಸಿದ ದಣಿವು ಇನ್ನೂ ಹತ್ತಿರುವುದಿಲ್ಲ.

ತಪಾಸಣೆಯ ಪಿಟ್ ಎಂದರೆ ಹಳಿಗಳ ನಡುವೆ ತೋಡಿದ ಉದ್ದನೆಯ ಗುಂಡಿ. ಅದರೊಳಗೆ ನಿಂತರೆ ಗಾಡಿಯ ಹೊಟ್ಟೆ ನಮ್ಮ ತಲೆಯ ಮೇಲಿರುತ್ತದೆ. ಒಳಗಿಳಿಯಲು ಬಿಡದಿದ್ದರೆ ಅಂಚಿನಲ್ಲಿ ನಿಂತಾದರೂ ನೋಡಿ. ಗಾಲಿಯಿಂದ ಆರಂಭಿಸುವುದು ಒಳ್ಳೆಯದು. ಗಾಲಿಯ ಮೇಲ್ಮೈ ಸಮತಟ್ಟಾಗಿಲ್ಲ, ತುಸು ಓರೆಯಾಗಿದೆ. ಒಳ ಅಂಚಿನ ಏಣು ಹಳಿಯ ಒಳಬದಿಗೆ ಬರುತ್ತದೆ. ನೇರ ದಾರಿಯಲ್ಲಿ ಗಾಡಿಯನ್ನು ನಡುವಿನಲ್ಲಿರಿಸುವುದು ಮುಖ್ಯವಾಗಿ ಈ ಓರೆ, ಏಣು ಕೊನೆಯ ಕಾವಲು ಮಾತ್ರ. ಅಲ್ಲಿಂದ ಅಚ್ಚು, ಅದರ ಮೇಲಿನ ಗೇರ್ ಪೆಟ್ಟಿಗೆ, ಮೋಟಾರು, ಬ್ರೇಕ್ ಡಿಸ್ಕ್, ಸ್ಪ್ರಿಂಗು, ಗಾಳಿ ಚೀಲ ಹೀಗೆ ಒಂದೊಂದಾಗಿ ಕಣ್ಣು ಹಾಯಿಸಿ. ಒಮ್ಮೆಗೇ ಎಲ್ಲವನ್ನೂ ನೋಡಹೊರಟರೆ ಕೊಳವೆ ಮತ್ತು ತಂತಿಗಳ ಗೋಜಲಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಮೂರನೇ ಹಳಿಯ ಷೂ ಇರುವ ಜಾಗವನ್ನು ಹುಡುಕಿ. ಮೆಟ್ರೋ-ನಾರ್ತ್‌ನಲ್ಲಿ ಷೂ ಹಳಿಯ ಕೆಳಮೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹಳಿಯ ಮೇಲ್ಭಾಗ ಮತ್ತು ಬದಿಗಳಿಗೆ ಹೊದಿಕೆ ಇರುವುದರಿಂದ ಹಿಮ ಮತ್ತು ಮಂಜುಗಡ್ಡೆಯ ಕಾಟ ಕಡಿಮೆ. ನ್ಯೂಯಾರ್ಕ್ ಸೆಂಟ್ರಲ್‌ನ ಎಂಜಿನಿಯರ್ ವಿಲಿಯಂ ವಿಲ್ಗಸ್ ಮತ್ತು ವಿದ್ಯುತ್ ಎಂಜಿನಿಯರ್ ಫ್ರ್ಯಾಂಕ್ ಸ್ಪ್ರೇಗ್ ರೂಪಿಸಿದ ವ್ಯವಸ್ಥೆಯಿದು. ಅದೇ ನಗರದ ಲಾಂಗ್ ಐಲೆಂಡ್ ರೈಲ್‌ರೋಡ್‌ನಲ್ಲಿ ಷೂ ಹಳಿಯ ಮೇಲೆ ಕೂತು ಜಾರುತ್ತದೆ. ಹೊರನೋಟಕ್ಕೆ ಅವಳಿಗಳಂತಿರುವ ಗಾಡಿಗಳು ಎರಡು ರೈಲ್ವೆಗಳಲ್ಲೂ ಓಡುತ್ತಿವೆ: ಲಾಂಗ್ ಐಲೆಂಡ್‌ನಲ್ಲಿ ಎಂ7, ಮೆಟ್ರೋ-ನಾರ್ತ್‌ನಲ್ಲಿ ಎಂ7ಎ. ಷೂ ನೋಡಿದರೆ ಯಾವುದು ಯಾರದೆಂದು ತಿಳಿಯುತ್ತದೆ.

ಇನ್ನು ಗಾಲಿ ಕಡೆಯುವ ಯಂತ್ರ. ನೆಲದ ಕೆಳಗೆ ಅಳವಡಿಸಿದ ಈ ಲೇತ್ ಗಾಲಿಯನ್ನು ಗಾಡಿಯಿಂದ ಬಿಚ್ಚದೆಯೇ ತಿರುಗಿಸಿ, ಸವೆದ ಅಥವಾ ಚಪ್ಪಟೆಯಾದ ಸುತ್ತಂಚನ್ನು ಮತ್ತೆ ಸರಿಯಾದ ಆಕಾರಕ್ಕೆ ತರುತ್ತದೆ. ಎಂಜಿನ್ನಿನ ಗಾಲಿಯಲ್ಲಿ ಎರಡೂವರೆ ಇಂಚು ಅಥವಾ ಅದಕ್ಕಿಂತ ಉದ್ದದ ಒಂದು ಚಪ್ಪಟೆ ಜಾಗ ಇದ್ದರೂ ಅದನ್ನು ಓಡಿಸುವಂತಿಲ್ಲ ಎನ್ನುತ್ತದೆ ಕೇಂದ್ರ ನಿಯಮ. ಶರತ್ಕಾಲದಲ್ಲಿ ಈ ಯಂತ್ರಕ್ಕೆ ಬಿಡುವಿರುವುದಿಲ್ಲ. ಉದುರಿದ ಎಲೆಗಳು ಗಾಲಿಯಡಿ ಸಿಕ್ಕಿ ಅರೆದು ಹಳಿಯ ಮೇಲೆ ಜಾರುವ ಪದರವಾಗುತ್ತವೆ. ಬ್ರೇಕ್ ಹಾಕಿದಾಗ ಗಾಲಿ ಉರುಳದೆ ಉಜ್ಜಿಕೊಂಡು ಸಾಗಿ ಚಪ್ಪಟೆಯಾಗುತ್ತದೆ. ಹೆಚ್ಚಿನ ಒತ್ತಡದ ನೀರನ್ನು ಹಳಿಗೆ ಸಿಡಿಸಿ ಆ ಪದರವನ್ನು ಕಿತ್ತುಹಾಕುವ ವಿಶೇಷ ರೈಲು ಮೆಟ್ರೋ-ನಾರ್ತ್‌ನಲ್ಲಿದೆ. ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದರೆ ತಪ್ಪಿಸಿಕೊಳ್ಳಬೇಡಿ. ಬೆಳಗ್ಗೆ ರೈಲಿನಲ್ಲಿ ಕೇಳಿದ ಬಡಿತದ ಬಗ್ಗೆ ವಿಚಾರಿಸಬೇಕಾದದ್ದು ಲೇತ್ ನಡೆಸುವವರನ್ನೇ.

ಕೇಳಬೇಕಾದ ಪ್ರಶ್ನೆಗಳು

ಈ ಗಾಡಿ ಎಷ್ಟು ವೇಗವಾಗಿ ಓಡುತ್ತದೆ, ಬೆಲೆ ಎಷ್ಟು ಎಂಬ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ, ಉತ್ತರ ಮುದ್ರಿತ ಕರಪತ್ರದಲ್ಲೇ ಇರುತ್ತದೆ. ಕೆಲಸ ಮಾಡುವವನಿಗೆ ಮಾತ್ರ ಗೊತ್ತಿರುವುದನ್ನು ಕೇಳಬೇಕು. ಈ ಗಾಡಿಯಲ್ಲಿ ಮೊದಲು ಸವೆಯುವ ಭಾಗ ಯಾವುದು? ಏನೋ ಕೆಟ್ಟಿದೆ ಎಂಬುದು ಮೊದಲು ತಿಳಿಯುವುದು ಪರದೆಯಿಂದಲೋ, ಸದ್ದಿನಿಂದಲೋ, ವಾಸನೆಯಿಂದಲೋ? ಚಳಿಗಾಲದ ಮೊದಲ ಹಿಮ ಬಿದ್ದ ಮರುದಿನ ಈ ಕಟ್ಟಡದೊಳಕ್ಕೆ ಬರುವ ದೂರುಗಳು ಯಾವುವು? ಮೂರನೇ ಹಳಿಯಿಲ್ಲದ ಕಾರ್ಯಾಗಾರದೊಳಗೆ ವಿದ್ಯುತ್ ಗಾಡಿಯನ್ನು ಹೇಗೆ ಸರಿಸುತ್ತೀರಿ? ಈ ಕೊನೆಯ ಪ್ರಶ್ನೆಗೆ ಉತ್ತರವಾಗಿ ಕೆಲವು ಕಾರ್ಯಾಗಾರಗಳಲ್ಲಿ ಮೇಲಿನಿಂದ ಇಳಿಬಿಟ್ಟ ದಪ್ಪ ಕೇಬಲ್ಲನ್ನು ತೋರಿಸುತ್ತಾರೆ. ಅದನ್ನು ಗಾಡಿಗೆ ಸಿಕ್ಕಿಸಿ ವಿದ್ಯುತ್ ಕೊಟ್ಟು ನಿಧಾನವಾಗಿ ಚಲಿಸುವಂತೆ ಮಾಡುತ್ತಾರೆ.

ಒಬ್ಬರ ಬಳಿ ಎರಡು ಮೂರು ಪ್ರಶ್ನೆ ಸಾಕು. ಹಿಂದೆ ಮಗುವೊಂದು ಕಾಯುತ್ತಿದ್ದರೆ ಜಾಗ ಬಿಟ್ಟುಕೊಡಿ, ಜನ ತಗ್ಗಿದಾಗ ಮತ್ತೆ ಬನ್ನಿ. ಉತ್ತರಿಸಿದವರ ಹೆಸರು, ಮುಖ, ಖಾಸಗಿ ಅಭಿಪ್ರಾಯಗಳನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲೂ ಪ್ರಕಟಿಸಬಾರದು. ಒಂದು ಮುಕ್ತ ಮಾತು ಅವರ ನೌಕರಿಗೆ ತೊಂದರೆ ತರಬಹುದು. ಟಿಕೆಟ್ ಪರಿಶೀಲಿಸುವ ಕಂಡಕ್ಟರುಗಳೂ ಅಂದು ಬಂದಿರುತ್ತಾರೆ, ಅವರನ್ನು ಮರೆಯಬೇಡಿ. ಟಿಕೆಟ್ಟಿಗೆ ತೂತು ಹಾಕುವ ಅವರ ಪಂಚ್ ಉಪಕರಣವನ್ನು ತೋರಿಸಲು ಕೇಳಿ. ಒಬ್ಬೊಬ್ಬರ ಪಂಚ್‌ಗೆ ಬೇರೆ ಬೇರೆ ಆಕಾರವಿಡುವ, ತೂತು ನೋಡಿಯೇ ಟಿಕೆಟ್ ನೋಡಿದವರು ಯಾರೆಂದು ಗುರುತಿಸುವ ಪದ್ಧತಿ ಈ ರೈಲ್ವೆಗಳಲ್ಲಿ ಬಹುಕಾಲದಿಂದ ಇದೆ.

ಈಗ ಕ್ಯಾಬ್

ಊಟದ ಹೊತ್ತಿಗೆ ಸಾಲು ಸಾಮಾನ್ಯವಾಗಿ ಕುಗ್ಗುತ್ತದೆ, ಆಗ ನಿಲ್ಲಿ. ಒಳಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಮೂರು ವಸ್ತುಗಳನ್ನು ನೋಡಿದರೆ ಸಾಕು.

ಮೊದಲನೆಯದು ಬ್ರೇಕಿನ ಒತ್ತಡ ತೋರಿಸುವ ಮಾಪಕ. ಪ್ರಯಾಣಿಕರ ರೈಲಿನ ಬ್ರೇಕ್ ಕೊಳವೆಯಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 110 ಪೌಂಡ್ ಒತ್ತಡದ ಗಾಳಿ ಇರುತ್ತದೆ; ಬ್ರೇಕ್ ಹಿಡಿಯುವುದು ಆ ಒತ್ತಡ ಇಳಿದಾಗ, ಏರಿದಾಗಲ್ಲ. ಹೀಗಾಗಿ ಗಾಡಿಗಳ ಜೋಡಣೆ ಕಳಚಿ ಕೊಳವೆ ಹರಿದರೆ ರೈಲು ತಾನಾಗಿಯೇ ನಿಲ್ಲುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ತಂದ ಈ ತತ್ವವೇ ಇಂದಿಗೂ ಆಧಾರವಾಗಿದೆ.

ಎರಡನೆಯದು ವೇಗ ಮತ್ತು ಸಿಗ್ನಲ್ ತೋರಿಸುವ ಪರದೆ. 2008ರ ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಉಪನಗರ ರೈಲೊಂದು ಸರಕು ರೈಲಿಗೆ ಮುಖಾಮುಖಿ ಡಿಕ್ಕಿ ಹೊಡೆದು 25 ಮಂದಿ ಸತ್ತರು. ಅದೇ ವರ್ಷ ಅಮೆರಿಕದ ಸಂಸತ್ತು ಪಾಸಿಟಿವ್ ಟ್ರೈನ್ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ದೇಶದಾದ್ಯಂತ ಅದು ಪೂರ್ಣಗೊಳ್ಳಲು 2020ರ ಕೊನೆಯವರೆಗೆ ಹಿಡಿಯಿತು. ಚಾಲಕ ಮಿತಿ ಮೀರಿದ ವೇಗದಲ್ಲಿ ತಿರುವಿಗೆ ಬಂದರೆ ಅಥವಾ ಕೆಂಪು ಸಿಗ್ನಲ್ ದಾಟಲು ಹೊರಟರೆ ಈ ವ್ಯವಸ್ಥೆ ಎಚ್ಚರಿಸಿ, ಆಮೇಲೆ ತಾನೇ ಬ್ರೇಕ್ ಹಾಕುತ್ತದೆ. ಸ್ಪೈಟನ್ ಡೈವಿಲ್‌ನ ತಿರುವಿನಲ್ಲಿ 2013ರಲ್ಲಿ ಇಲ್ಲದಿದ್ದದ್ದು ಇದೇ. ಆ ತಿರುವನ್ನು ಸಮೀಪಿಸುವಾಗ ಪರದೆಯಲ್ಲಿ ಏನು ಕಾಣುತ್ತದೆಂದು ಚಾಲಕರನ್ನು ಗೌರವದಿಂದ ಕೇಳಿ. ಅಪಘಾತದ ದಿನದ ಬಗ್ಗೆ ಅಥವಾ ಆ ದಿನದ ಸಹೋದ್ಯೋಗಿಯ ಬಗ್ಗೆ ಕೆದಕುವುದು ಸಲ್ಲದು.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕ್ಯಾಬಿನ ಗೋಡೆಯ ಮೇಲೆ ಪಾರದರ್ಶಕ ಹೊದಿಕೆಯ ಹಿಂದೆ ಒಂದು ತಪಾಸಣೆ ಪತ್ರ ಇರುತ್ತದೆ. ನಿಯತಕಾಲಿಕ ತಪಾಸಣೆ ಯಾವ ದಿನ, ಎಲ್ಲಿ ನಡೆಯಿತು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಕೆಳಗೆ ಪಿಟ್‌ನಲ್ಲಿ ನೀವು ಮಾತನಾಡಿಸಿ ಬಂದವರ ಕೆಲಸಕ್ಕೆ ಸಹಿ ಬೀಳುವುದು ಈ ಹಾಳೆಯ ಮೇಲೆ.

ಹಾರ್ನ್ ಒತ್ತಲು ಮಕ್ಕಳಿಗೆ ಅವಕಾಶ ಕೊಡುವುದುಂಟು. ರಸ್ತೆ ಹಳಿಯನ್ನು ದಾಟುವ ಲೆವೆಲ್ ಕ್ರಾಸಿಂಗನ್ನು ಸಮೀಪಿಸುವಾಗ ಎರಡು ದೀರ್ಘ, ಒಂದು ಹ್ರಸ್ವ, ಒಂದು ದೀರ್ಘ ಎಂಬ ಕ್ರಮದಲ್ಲಿ ಊದಬೇಕೆಂದು ನಿಯಮವಿದೆ, ಮಗುವಿಗೆ ಅದನ್ನು ಮೊದಲೇ ಕಲಿಸಿಕೊಡಿ. ಎಂಜಿನ್ನಿನಿಂದ 100 ಅಡಿ ಮುಂದೆಯೂ ಈ ಹಾರ್ನಿನ ಸದ್ದು ಕನಿಷ್ಠ 96 ಡೆಸಿಬೆಲ್ ಇರಬೇಕೆಂಬುದು ನಿಯಮ. ಕಿವಿಯ ಬಿರಡೆ ತರಲು ಹೇಳಿದ್ದು ಇದಕ್ಕಾಗಿ. ಎಳೆಗೂಸುಗಳನ್ನು ಎಂಜಿನ್ನಿನ ಮುಂದೆ ನಿಲ್ಲಿಸಲೇಬಾರದು.

ಹಳಿ ವಿಭಾಗ ಮತ್ತು ಉಳಿದದ್ದು

ಹಳದಿ ಬಣ್ಣದ ಹಳಿ ಯಂತ್ರಗಳ ಬಳಿ ಜನ ಕಡಿಮೆ. ಜಲ್ಲಿಯೊಳಗೆ ಉಕ್ಕಿನ ಬೆರಳುಗಳನ್ನು ಇಳಿಸಿ ನಡುಗಿಸಿ ಹಳಿಗಳಡಿಯ ಅಡ್ಡತೊಲೆಗಳಾದ ಸ್ಲೀಪರುಗಳ ಕೆಳಗೆ ಜಲ್ಲಿಯನ್ನು ಒತ್ತುವ ಟ್ಯಾಂಪರ್, ರಸ್ತೆಯಲ್ಲೂ ಹಳಿಯಲ್ಲೂ ಓಡುವ ಟ್ರಕ್ಕು, ಉಕ್ಕಿನೊಳಗಿನ ಕಣ್ಣಿಗೆ ಕಾಣದ ಬಿರುಕನ್ನು ಶ್ರವಣಾತೀತ ಅಲೆಗಳಿಂದ ಪತ್ತೆಹಚ್ಚುವ ಪರೀಕ್ಷಾ ವಾಹನ ಇವುಗಳಿಗೆ ಅರ್ಧ ಗಂಟೆ ಕೊಡಿ.

ಹಳೆಯ ಎಂಜಿನ್ನುಗಳಲ್ಲಿ ಆಸಕ್ತಿಯಿದ್ದರೆ ಇತಿಹಾಸ ಸಂಘಗಳ ಮೇಜುಗಳಿಗೆ ಹೋಗಿ. ನ್ಯೂ ಹೇವನ್ ರೈಲ್ವೆಗಾಗಿ 1956ರಿಂದ 1960ರ ನಡುವೆ ತಯಾರಾದ 60 ಎಫ್‌ಎಲ್9 ಎಂಜಿನ್ನುಗಳ ಕಥೆಯನ್ನು ಅಲ್ಲಿ ಕೇಳಿ ತಿಳಿಯಬೇಕು. ಡೀಸೆಲ್ ಮತ್ತು ಮೂರನೇ ಹಳಿ ಎರಡರಲ್ಲೂ ಓಡಿದ ಅವು ಮುಂದೆ ನಾಲ್ಕು, ಹಿಂದೆ ಆರು ಗಾಲಿಗಳ ಮೇಲೆ ನಿಂತಿದ್ದವು. ಕೆಲವು ಅರ್ಧ ಶತಮಾನ ದುಡಿದು 2009ರವರೆಗೆ ಮೆಟ್ರೋ-ನಾರ್ತ್ ಸೇವೆಯಲ್ಲಿದ್ದವು. ಕನೆಕ್ಟಿಕಟ್‌ನ ಡ್ಯಾನ್‌ಬರಿ ರೈಲ್ವೆ ವಸ್ತುಸಂಗ್ರಹಾಲಯವನ್ನು ಮತ್ತೊಂದು ದಿನಕ್ಕೆ ಇಟ್ಟುಕೊಳ್ಳಿ. ಅದು ಇದೇ ರೈಲ್ವೆಯ ಡ್ಯಾನ್‌ಬರಿ ಶಾಖಾ ಮಾರ್ಗದ ಕೊನೆಯಲ್ಲಿದೆ.

1972ರಲ್ಲಿ ಐಡಹೋ ರಾಜ್ಯದಲ್ಲಿ ಆರಂಭವಾದ ಆಪರೇಷನ್ ಲೈಫ್‌ಸೇವರ್‌ನಂತಹ ಸುರಕ್ಷತಾ ಅಭಿಯಾನದ ಮೇಜು ಕಂಡರೆ ಮಕ್ಕಳನ್ನು ಅಲ್ಲಿ ಸ್ವಲ್ಪ ಹೊತ್ತು ಕೂರಿಸಿ. ರೈಲನ್ನು ಇಷ್ಟೊಂದು ಹತ್ತಿರದಿಂದ ಮುಟ್ಟಿ ನೋಡಿದ ಮಗುವಿಗೆ, ನಾಳೆ ಹಳಿಯ ಹತ್ತಿರವೂ ಸುಳಿಯಬಾರದೆಂದು ಅದೇ ದಿನ ಹೇಳಿಕೊಡುವುದು ಹಿರಿಯರ ಹೊಣೆ.

ಫೋಟೊ ಮತ್ತು ಟಿಪ್ಪಣಿ

ಟ್ರೈಪಾಡ್ ಬೇಡ; ಜನಸಂದಣಿಯಲ್ಲಿ ಯಾರಾದರೂ ಎಡವುತ್ತಾರೆ. ಕಾರ್ಯಾಗಾರದೊಳಗೆ ಬೆಳಕು ಕಡಿಮೆಯಿರುವುದರಿಂದ ಕ್ಯಾಮೆರಾದ ಐಎಸ್‌ಒ (ಬೆಳಕಿನ ಸಂವೇದನೆ) ಏರಿಸಿ, ಫ್ಲ್ಯಾಷ್ ಬಳಸಬೇಡಿ. ಇಡೀ ಗಾಡಿಯ ಚಿತ್ರ ಯಾವ ನಿಲ್ದಾಣದಲ್ಲಾದರೂ ಸಿಗುತ್ತದೆ. ಇಲ್ಲಿ ಗಾಲಿ, ಷೂ, ಗಾಡಿಗಳನ್ನು ಜೋಡಿಸುವ ಕಪ್ಲರ್, ತಯಾರಕರ ಫಲಕಗಳಂಥ ವಿವರಗಳನ್ನೇ ತೆಗೆಯಿರಿ, ಪ್ರತಿ ಸಾಲಿನ ಚಿತ್ರಗಳ ಮೊದಲಿಗೆ ಗಾಡಿಯ ಸಂಖ್ಯೆಯ ಒಂದು ಚಿತ್ರವಿರಲಿ. ಸಂಖ್ಯೆ ಕಾಣದ ಗಾಲಿ ಚೌಕಟ್ಟಿನ ಚಿತ್ರ ಯಾವ ಗಾಡಿಯದೆಂದು ಆರು ತಿಂಗಳ ಮೇಲೆ ಯಾರಿಂದಲೂ ಹೇಳಲಾಗದು. ಎಂ7ಎ ಗಾಡಿಗಳು ಎರಡೆರಡರ ಜೋಡಿಯಾಗಿ ಇರುತ್ತವೆ, ಜೋಡಿಯ ಒಂದರಲ್ಲಿ ಮಾತ್ರ ಶೌಚಾಲಯವಿದೆ. ಎರಡೂ ಸಂಖ್ಯೆಗಳನ್ನು ಬರೆದುಕೊಳ್ಳಿ.

ಹಿಂದಿರುಗುವ ರೈಲಿನಲ್ಲಿ ಕೂತೊಡನೆ ಟಿಪ್ಪಣಿಗಳನ್ನು ಪೂರ್ಣಗೊಳಿಸಿ. ಕೇಳಿದ್ದು, ಕಂಡದ್ದು, ನೀವೇ ಊಹಿಸಿದ್ದು ಇವು ಮೂರನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಡಿ, ಮನೆಗೆ ಹೋಗಿ ಓದುವಾಗ ಯಾವುದನ್ನು ಪರಿಶೀಲಿಸಬೇಕೆಂಬುದು ಆಗ ಸ್ಪಷ್ಟವಾಗಿರುತ್ತದೆ. ಆ ವಾರದೊಳಗೆ ರೈಲ್ವೆಯ ಗ್ರಾಹಕ ಸೇವಾ ವಿಭಾಗಕ್ಕೆ ಒಂದು ಕಿರು ಪತ್ರ ಬರೆಯಿರಿ: ಯಾವ ವಿಭಾಗದವರ ವಿವರಣೆಯಿಂದ ಏನು ತಿಳಿಯಿತೆಂದು ನಿರ್ದಿಷ್ಟವಾಗಿ ಹೇಳಿ, ಮುಂದಿನ ಸಲವೂ ಕಾರ್ಯಾಗಾರದ ಪಿಟ್ ಮತ್ತು ಲೇತ್ ವಿಭಾಗಗಳನ್ನು ತೆರೆದಿಡಬೇಕೆಂದು ಕೋರಿಕೊಳ್ಳಿ.